ಹಿರಿಯರ ಕಡೆಯ ಮಾತನ್ನು ತಡೆಯುವವರಿಗೆ

ವೃದ್ಧರ ಎದುರಿನಲ್ಲಿ ಮರಣದ ಮಾತನ್ನು ಎತ್ತಬಾರದೆಂಬುದೂ, ಅವರೇ ಎತ್ತಿದರೆ ಅಲ್ಲಿಯೇ ತಡೆದು ಬೇರೆ ವಿಷಯಕ್ಕೆ ತಿರುಗಿಸಬೇಕೆಂಬುದೂ, ಕಡೆಗಾಲ ಸಮೀಪಿಸಿದಾಗ ಮಕ್ಕಳಾದವರು ಶಕ್ತಿ ಮೀರಿ ಚಿಕಿತ್ಸೆ ಮಾಡಿಸುವುದೇ ಪಿತೃಋಣವನ್ನು ತೀರಿಸುವ ಏಕೈಕ ಮಾರ್ಗವೆಂಬುದೂ ವಿಜಯಪುರ ನಗರದಿಂದ ಹಿಡಿದು ತಿಕೋಟಾ, ಬಬಲೇಶ್ವರಗಳ ಸುತ್ತಿನ ಹಳ್ಳಿಯ ಮನೆಗಳವರೆಗೆ ನಿರ್ವಿವಾದವಾಗಿ ನೆಲೆಗೊಂಡಿರುವ ಅಭಿಪ್ರಾಯ. ಓದಿದವರೂ ಓದದವರೂ, ಹಿಂದೂಗಳೂ ಮುಸಲ್ಮಾನರೂ, ಒಕ್ಕಲಿಗರೂ ನೌಕರಿಯವರೂ ಇದರಲ್ಲಿ ಏಕಮತದವರು. ಈ ಅಭಿಪ್ರಾಯವು ಪ್ರೀತಿಯ ರೂಪದಲ್ಲಿ ಬರುವುದರಿಂದ ಇದನ್ನು ಪ್ರಶ್ನಿಸಿದವನು ನಿರ್ದಯನೆಂಬ ಹೆಸರನ್ನು ಹೊರಬೇಕಾಗುತ್ತದೆ. ಆ ಹೆಸರನ್ನು ಹೊತ್ತೇ ನಾನು ಹೇಳತಕ್ಕದ್ದು ಇಷ್ಟು: ಈ ಮೌನದಿಂದ ಹಿರಿಯರಿಗೆ ಗೌರವ ಸಲ್ಲುವುದಿಲ್ಲ, ಇದು ಅವರ ಬಾಳಿನ ಕಟ್ಟಕಡೆಯ ನಿರ್ಣಯವನ್ನು ಅವರ ಕೈಯಿಂದ ಅಪಹರಿಸುತ್ತದೆ.

ಹಿರಿಯರು ಈ ವಿಷಯದಲ್ಲಿ ತಾವಾಗಿ ಮೂಕರಾಗಿದ್ದಾರೆಂದು ತಿಳಿಯುವುದು ತಪ್ಪು. ಮಾತನಾಡುವವರು ಅವರೇ, ಕೇಳಲೊಲ್ಲದವರು ನಾವು. ಬಬಲೇಶ್ವರದ ಕಡೆಯ ಯಾವ ಮನೆಯ ಕಟ್ಟೆಯ ಮೇಲೆ ಕುಳಿತರೂ ಎಂಬತ್ತು ದಾಟಿದ ಮುತ್ಯಾನೊಬ್ಬನು ಎಂದಾದರೊಂದು ದಿನ ಈ ಮಾತನ್ನು ಆಡಿಯೇ ಆಡುತ್ತಾನೆ: “ನನಗೇನರ ಹೆಚ್ಚುಕಡಿಮಿ ಆತಂದ್ರ ಸೊಲ್ಲಾಪುರ, ಮಿರಜ ಅಂತ ತಿರುಗಾಡಿಸಬ್ಯಾಡ್ರಿ. ಇಲ್ಲೇ ಮನ್ಯಾಗ ಇರ್ತೀನಿ.” ಅದಕ್ಕೆ ಮಗನ ಉತ್ತರವು ಸಿದ್ಧವಾಗಿಯೇ ಇರುತ್ತದೆ: “ಯಪ್ಪಾ, ಬಿಡ್ತು ಅನ್ನು. ಅಂಥ ಮಾತ್ಯಾಕ ಆಡ್ತಿ? ನೂರು ವರ್ಷ ಇರ್ತಿ ನೀ.” ಮಗನು ಪ್ರೀತಿಯಿಂದಲೇ ಹೀಗೆಂದನು. ಆದರೆ ತಂದೆಯು ಹೇಳಬಂದದ್ದೇನು, ಯಾವುದಕ್ಕೆ ಅಂಜುತ್ತಾನೆ, ಯಾವುದನ್ನು ಬಯಸುತ್ತಾನೆ ಎಂಬ ಇಡೀ ವಿಚಾರವು ಆ ಒಂದು ಉತ್ತರದಲ್ಲಿ ಮುಗಿದುಹೋಯಿತು. ಮತ್ತೊಮ್ಮೆ ಆತನು ಬಾಯಿ ತೆರೆಯಲಾರನು. ಮುಂದೆ ಪಾರ್ಶ್ವವಾಯು ಬಡಿದ ರಾತ್ರಿ, ಆತನ ಬಾಯಿಂದ ಮಾತು ಹೊರಡದಿರುವಾಗ, ಆಸ್ಪತ್ರೆಯ ಓಣಿಯಲ್ಲಿ ಯಾರು ನಿಂತಿರುತ್ತಾರೋ ಅವರ ಸಹಿಯಿಂದ ಆತನ ಶರೀರದ ವಿಲೇವಾರಿಯು ನಿಶ್ಚಿತವಾಗುತ್ತದೆ.

ಇಂಥ ಮೌನವು ಬೇರೆ ಯಾವ ಊರಿನಲ್ಲಿದ್ದರೂ ನಾನು ಇಷ್ಟು ನೋಯುತ್ತಿರಲಿಲ್ಲ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮವನ್ನು ತಮ್ಮ ನೆಲೆಯಾಗಿಸಿಕೊಂಡು, ಜೇಬಿಲ್ಲದ ಬಿಳಿಯ ಅಂಗಿಯಲ್ಲಿ ನಾಡನ್ನೆಲ್ಲ ಸಂಚರಿಸಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2014ರ ಗುರುಪೂರ್ಣಿಮೆಯಂದು, ಇನ್ನೂ ಪ್ರವಚನಗಳನ್ನು ಮಾಡುತ್ತ ತಿರುಗಾಡುತ್ತಿದ್ದ ಕಾಲದಲ್ಲಿಯೇ, ‘ಅಂತಿಮ ಅಭಿವಂದನ ಪತ್ರ’ವೆಂಬುದನ್ನು ಬರೆದು ಸಹಿ ಮಾಡಿಟ್ಟರು. ತಮ್ಮ ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ಕರ್ಮಗಳು ಬೇಡ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ವಿಸರ್ಜಿಸಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂಬುದು ಅದರ ತಾತ್ಪರ್ಯ. 2023ರ ಜನವರಿ 2, ವೈಕುಂಠ ಏಕಾದಶಿಯ ಸಂಜೆ ಅವರು ದೇಹವಿಟ್ಟದ್ದು ಆಶ್ರಮದಲ್ಲಿಯೇ, ಆಸ್ಪತ್ರೆಯ ಮಂಚದ ಮೇಲಲ್ಲ. ಮರುದಿನ ಸೈನಿಕ ಶಾಲೆಯ ಮೈದಾನದಲ್ಲಿ ಲಕ್ಷಾಂತರ ಜನರು ಅಂತಿಮ ದರ್ಶನ ಪಡೆದ ಬಳಿಕ ಅವರ ಲಿಖಿತ ಇಚ್ಛೆಯಂತೆ ಆಶ್ರಮದ ಆವರಣದಲ್ಲಿ ಅಗ್ನಿಸಂಸ್ಕಾರವು ನಡೆಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸತಕ್ಕದ್ದಿದೆ. ಗುರುಗಳ ದೇಹವನ್ನು ಸಮಾಧಿಯಲ್ಲಿರಿಸಿ, ಅದರ ಮೇಲೆ ಗದ್ದುಗೆಯನ್ನು ಕಟ್ಟಿ, ವರುಷವರುಷವೂ ಪುಣ್ಯತಿಥಿಯನ್ನಾಚರಿಸುವುದು ಶತಮಾನಗಳಿಂದ ಬೇರೂರಿದ ಪದ್ಧತಿಯಾಗಿರುವ ಈ ಸೀಮೆಯಲ್ಲಿ, ಅಷ್ಟೊಂದು ಜನರ ಪ್ರೀತಿಯೆಲ್ಲ ಒಂದೇ ದಿಕ್ಕಿಗೆ ಹರಿಯುತ್ತಿರುವಾಗ, ಆ ಪತ್ರವೊಂದು ಇಲ್ಲದಿದ್ದರೆ ಗದ್ದುಗೆಯು ಏಳುತ್ತಿರಲಿಲ್ಲವೆಂದು ಯಾರು ಎದೆ ಮುಟ್ಟಿ ಹೇಳಬಲ್ಲರು? ಸ್ವಾಮಿಗಳ ಮನಸ್ಸು ಶಿಷ್ಯರಿಗೆ ತಿಳಿದಿರಲಿಲ್ಲವೆಂದಲ್ಲ. ಆದರೆ ಪ್ರೀತಿಸುವವರ ಪ್ರೀತಿಯು ಪ್ರೀತಿಪಾತ್ರನ ಇಚ್ಛೆಯನ್ನು ದಾಟಿ ಹೋಗುವ ಶಕ್ತಿಯುಳ್ಳದ್ದೆಂಬುದನ್ನು ಅವರು ಬಲ್ಲವರಾಗಿದ್ದರು. ಬಲ್ಲವರಾದುದರಿಂದಲೇ ಬಾಯಿಮಾತಿಗೆ ಬಿಡದೆ ಬರೆದಿಟ್ಟರು. ಭಕ್ತರು ಆ ಪತ್ರವನ್ನು ಕೇಳಿ ಕಣ್ಣೀರಿಟ್ಟು, ತಮ್ಮ ಆಸೆಯನ್ನು ಹಿಂದಕ್ಕೆ ಸರಿಸಿ, ಅವರ ಆಸೆಯನ್ನು ನಡೆಸಿದರು. ಅಂದು ಆ ಮೈದಾನದಿಂದ ತಮ್ಮ ತಮ್ಮ ಹಳ್ಳಿಗಳಿಗೆ ಮರಳಿದವರಲ್ಲಿ ಎಷ್ಟು ಮಂದಿ ಮನೆಯ ಹಿರಿಯರ ಬಳಿ ಕುಳಿತು “ನಿನ್ನ ಮನಸಿನ್ಯಾಗ ಏನೈತಿ?” ಎಂದು ಕೇಳಿದರು?

“ಅವರು ಸಂತರು; ನಾವು ಸಂಸಾರಿಗಳು. ಅವರಿಗೆ ಒಪ್ಪುವುದು ನಮಗೆ ಒಪ್ಪೀತೆ?” ಎಂಬ ಸಮಾಧಾನವನ್ನು ನಾನು ಹಲವು ಸಲ ಕೇಳಿದ್ದೇನೆ. ಮೇಲ್ನೋಟಕ್ಕೆ ವಿನಯದಂತೆ ತೋರುವ ಈ ಮಾತು ಒಳಗೆ ಬರಿಯ ನುಣುಚುವಿಕೆ. ಸಂನ್ಯಾಸಿಯಾದವನ ಕಡೆಗಾಲದಲ್ಲಿ ಆಸ್ತಿಯಿಲ್ಲ, ಸಾಲವಿಲ್ಲ, ದಾಯಾದಿಗಳಿಲ್ಲ. ಸಂಸಾರಿಯ ಹಾಸಿಗೆಯ ಸುತ್ತಲಾದರೋ ಊರಿನಲ್ಲಿಯೇ ಇದ್ದು ಹತ್ತು ವರ್ಷ ಮಲಮೂತ್ರ ಬಾಚಿದ ಮಗನಿದ್ದಾನೆ. ಪುಣೆಯಿಂದ ಬೆಳಗಿನ ಜಾವಕ್ಕೆ ಬಂದಿಳಿದು, ಇಷ್ಟು ದಿನ ದೂರವಿದ್ದ ತಪ್ಪನ್ನು ಒಂದೇ ದಿನದಲ್ಲಿ ಸರಿಪಡಿಸುವವನಂತೆ, ಖರ್ಚೆಷ್ಟಾದರೂ ಆಗಲಿ ದೊಡ್ಡ ಆಸ್ಪತ್ರೆಗೆ ಒಯ್ಯಲೇಬೇಕೆಂದು ಹಟ ಹಿಡಿಯುವ ಇನ್ನೊಬ್ಬ ಮಗನಿದ್ದಾನೆ. ಮಾತನಾಡುವ ಅಧಿಕಾರವಿಲ್ಲವೆಂದು ಬಾಗಿಲ ಬಳಿ ನಿಂತು ಅಳುವ ಮಗಳಿದ್ದಾಳೆ. ಅಡವಿಡಲು ದ್ರಾಕ್ಷಿಯ ತೋಟವಿದೆ. ಹೇಳುವವರು ಇಷ್ಟು ಮಂದಿಯಿರುವಲ್ಲಿ ಮಲಗಿರುವವನ ಸ್ವಂತ ಮಾತು ಲಿಖಿತವಾಗಿ ಇರಬೇಕಾದ ಅಗತ್ಯವು ಸಂತನಿಗಿಂತ ಸಂಸಾರಿಗೆ ನೂರ್ಮಡಿ ಹೆಚ್ಚು.

ಇನ್ನು ಈ ವಿಚಾರವೆಲ್ಲ ಪರದೇಶದ್ದು, ನಮ್ಮ ಸಂಸ್ಕೃತಿಗೆ ಸಲ್ಲದ್ದು ಎನ್ನುವವರು ತಾವು ನಿಂತ ನೆಲವನ್ನು ಒಮ್ಮೆ ನೋಡಬೇಕು. ಈ ನಗರದ ಹೆಗ್ಗುರುತು ಒಂದು ಗೋರಿ. 1627ರಲ್ಲಿ ಪಟ್ಟವೇರಿದ ಮಹಮ್ಮದ್ ಆದಿಲ್ ಶಾಹನು ತಾನು ಜೀವಿಸಿರುವಾಗಲೇ ತನ್ನ ಸಮಾಧಿಗಾಗಿ ಗೋಳಗುಮ್ಮಟವನ್ನು ಎತ್ತಿಸಿ 1656ರಲ್ಲಿ ಅದರಡಿಯಲ್ಲಿಯೇ ಮಲಗಿದನು. ಅವನ ತರುವಾಯದ ಎರಡನೆಯ ಅಲಿ ಆದಿಲ್ ಶಾಹನು ತನಗಾಗಿ ಆರಂಭಿಸಿದ ಬಾರಾಕಮಾನು ಅಪೂರ್ಣವಾಗಿ ಉಳಿಯಿತು. ಅರಸರ ಮಾತಿರಲಿ, ಹಜ್ ಯಾತ್ರೆಯಿಂದ ಮರಳಿದ ಎಷ್ಟೋ ಮನೆಗಳ ಹಿರಿಯರ ಪೆಟ್ಟಿಗೆಯಲ್ಲಿ ಜಮ್‌ಜಮ್ ನೀರಿನಲ್ಲಿ ಅದ್ದಿ ತಂದ ಕಫನ್ ಬಟ್ಟೆಯು ಮಡಿಸಿ ಇಡಲ್ಪಟ್ಟಿರುತ್ತದೆ. ಹಳ್ಳಿಯ ಮುದುಕಿಯು ತನ್ನ ಮಣ್ಣಿನ ಖರ್ಚಿಗೆಂದು ಸೊಸೆಗೂ ತಿಳಿಯದಂತೆ ಸಂಚಿಯಲ್ಲಿ ನಾಲ್ಕು ನೋಟುಗಳನ್ನು ಕಾದಿರಿಸುತ್ತಾಳೆ. ಇದೇ ಜಿಲ್ಲೆಯ ಬಸವನ ಬಾಗೇವಾಡಿಯಿಂದ ಹೊರಟ ಶರಣಪಂಥವು ಮರಣವನ್ನು ಹಬ್ಬದಂತೆ ಎದುರುಗೊಳ್ಳಬೇಕೆಂದು ಕಲಿಸಿತು. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಲ್ಲಿ ತಮ್ಮ ಅಂತ್ಯವನ್ನು ತಾವೇ ಅರಿತು ಸ್ವೀಕರಿಸಿದವರ ಹೆಸರುಗಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕಲ್ಲಿನಲ್ಲಿ ನಿಂತಿವೆ. ಸಾವನ್ನು ಕುರಿತು ಮುಂದಾಲೋಚಿಸುವುದನ್ನು ಈ ನಾಡಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಹಾಗಾದರೆ ಕೊರತೆಯಿರುವುದೆಲ್ಲಿ? ಸತ್ತ ಮೇಲಿನದೆಲ್ಲಕ್ಕೂ ನಾವು ಸಿದ್ಧತೆ ಮಾಡುತ್ತೇವೆ. ಹೊಲದ ವಾಟಣಿ, ಉತಾರದಲ್ಲಿ ಹೆಸರು, ಮೃತ್ಯುಪತ್ರ, ಹೂಳುವ ಜಾಗ, ಹೊದಿಸುವ ಬಟ್ಟೆ, ಎಲ್ಲದಕ್ಕೂ. ಆದರೆ ರೋಗವು ವಾಸಿಯಾಗದೆಂದು ತಿಳಿದ ದಿನದಿಂದ ಉಸಿರು ನಿಲ್ಲುವ ದಿನದವರೆಗಿನ ಕಾಲಕ್ಕೆ ಯಾವ ಸಿದ್ಧತೆಯೂ ನಮ್ಮಲ್ಲಿಲ್ಲ. ನಮ್ಮ ಅಜ್ಜಂದಿರಿಗೆ ಅದು ಬೇಕಾಗಿಯೂ ಇರಲಿಲ್ಲ. ಅವರ ಕಾಲದಲ್ಲಿ ಅನ್ನ ನೀರು ಒಲ್ಲೆನೆಂದ ಮೇಲೆ ಆ ಅವಧಿಯು ಕೆಲವು ದಿನಗಳದಾಗಿತ್ತು, ಮನೆಯ ಪಡಸಾಲೆಯಲ್ಲಿ ನೆಂಟರಿಷ್ಟರ ನಡುವೆ ಮುಗಿಯುತ್ತಿತ್ತು. ಇಂದು ಯಂತ್ರಗಳು ಅದನ್ನು ವಾರಗಳಿಗೂ ತಿಂಗಳುಗಳಿಗೂ ಹಿಗ್ಗಿಸಬಲ್ಲವು. ಕೃಷ್ಣೆಯ ನೀರು ಏತ ನೀರಾವರಿಯಿಂದ ಈ ಬೆಂಗಾಡಿಗೆ ಏರಿಬಂದು, ದ್ರಾಕ್ಷಿ ಕಬ್ಬುಗಳಿಂದ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ, ಆ ಯಂತ್ರಗಳವರೆಗೆ ತಂದೆತಾಯಿಯರನ್ನು ಒಯ್ಯುವ ಸಾಮರ್ಥ್ಯವೂ ನಮಗೆ ಒದಗಿದೆ. ಸಾಮರ್ಥ್ಯವು ಬಂದಷ್ಟು ವೇಗದಲ್ಲಿ ವಿವೇಕವು ಬರಲಿಲ್ಲ.

ಯಂತ್ರಗಳನ್ನು ನಾನು ನಿಂದಿಸುತ್ತಿಲ್ಲ. ರಾತ್ರಿ ಹೊಲದಲ್ಲಿ ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯುಗಳೇ ನಿಷ್ಕ್ರಿಯವಾದ ತರುಣನನ್ನು ಕೆಲವು ದಿನ ವೆಂಟಿಲೇಟರಿನ ಮೇಲಿರಿಸಿದರೆ ಅವನು ಎದ್ದು ಮನೆಗೆ ನಡೆದು ಬರುತ್ತಾನೆ. ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಅದೇ ಯಂತ್ರವನ್ನು ಅರ್ಬುದವು ಸರ್ವಾಂಗವನ್ನೂ ವ್ಯಾಪಿಸಿದ, ಮರಳಿ ಏಳುವ ಸಂಭವವೇ ಇಲ್ಲದ ಎಂಬತ್ತೈದರ ವೃದ್ಧೆಗೆ ಜೋಡಿಸಿದಾಗ ಏನಾಗುತ್ತದೆಂಬುದನ್ನು, ತೀವ್ರ ನಿಗಾ ಘಟಕದ ಗಾಜಿನ ಬಾಗಿಲಾಚೆ ಕುಳಿತ ಮಕ್ಕಳು ತಿಳಿದಿರಬೇಕು. ಗಂಟಲಿನೊಳಗೆ ಶ್ವಾಸನಾಳದವರೆಗೆ ನಳಿಕೆಯಿಳಿಯುವುದರಿಂದ ಆಕೆ ಒಂದು ಅಕ್ಷರವನ್ನೂ ನುಡಿಯಲಾರಳು. ನಳಿಕೆಯನ್ನು ಕಿತ್ತುಕೊಳ್ಳದಿರಲೆಂದು ಅನೇಕ ವೇಳೆ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಗುತ್ತದೆ. ನಿಂತ ಹೃದಯವನ್ನು ಮತ್ತೆ ನಡೆಸಲು ಎದೆಯನ್ನೊತ್ತುವಾಗ ಮುಪ್ಪಿನ ಪಕ್ಕೆಲುಬುಗಳು ಮುರಿಯುವುದು ಅಪರೂಪವಲ್ಲ. ಹತ್ತಿರದವರಿಗೆ ದಿನಕ್ಕೆ ಕೆಲವು ನಿಮಿಷಗಳ ದರ್ಶನ. ಇದನ್ನೆಲ್ಲ ಆಕೆ ಬಯಸಿದ್ದರೆ ಆಗಲಿ, ಅದು ಆಕೆಯ ಹಕ್ಕು. ಕಡೆಯ ಉಸಿರಿನವರೆಗೂ ಹೋರಾಡುವೆನೆನ್ನುವವರ ಮಾತನ್ನೂ ನಡೆಸಲೇಬೇಕು. ನನ್ನ ಆಕ್ಷೇಪವೆಲ್ಲ ಆಕೆಯನ್ನು ಯಾರೂ ಕೇಳಲೇ ಇಲ್ಲವೆಂಬುದಕ್ಕೆ.

ಮುಂದೆ ನಡೆಯುವುದನ್ನು ನಮ್ಮ ಸೀಮೆಯ ಪ್ರತಿಯೊಂದು ಓಣಿಯೂ ಬಲ್ಲದು. ಹಣವು ಮುಗಿಯುತ್ತದೆ, ಅಥವಾ ವೈದ್ಯರು “ಇನ್ನು ಮನಿಗಿ ಒಯ್ರಿ” ಎನ್ನುತ್ತಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆಂದು ಬರೆದ ಕಾಗದಕ್ಕೆ ಹಿರಿಯ ಮಗನು ಸಹಿ ಮಾಡುತ್ತಾನೆ. ಆಂಬುಲೆನ್ಸಿನಲ್ಲಿ ಊರಿನತ್ತ ಸಾಗುವಾಗ ನೋವನ್ನು ಶಮನಗೊಳಿಸುವ ಔಷಧಿಯಿಲ್ಲ, ಉಬ್ಬಸವನ್ನು ತಗ್ಗಿಸುವ ಉಪಾಯವನ್ನು ಹೇಳಿಕೊಟ್ಟವರಿಲ್ಲ, ಮನೆಗೆ ಬಂದು ನೋಡುವ ದಾದಿಯಿಲ್ಲ. ಚಿಕಿತ್ಸೆಯನ್ನು ನಿಲ್ಲಿಸುವುದಂತೂ ಹೀಗೆಯೂ ಆಯಿತು. ಆದರೆ ಮುಂಚಿತವಾಗಿ ಮಾತನಾಡಿದ್ದರೆ ಯಾವುದು ಘನತೆಯಿಂದ ಆಗಬಹುದಾಗಿತ್ತೋ ಅದು ದಿವಾಳಿತನದಿಂದ ಆಯಿತು. ಉಪಶಾಮಕ ಚಿಕಿತ್ಸೆಯೆಂಬುದು ರೋಗಿಯನ್ನು ಕೈಬಿಡುವುದಕ್ಕೆ ಇಟ್ಟ ಹೆಸರಲ್ಲ. ನೋವಿಗೆ ಮಾರ್ಫಿನ್, ಹುಣ್ಣಿಗೆ ಶುಶ್ರೂಷೆ, ಬಾಯಿ ಒಣಗಿದರೆ ಹನಿ ನೀರು, ಮನಸ್ಸಿಗೆ ಜತೆ, ಇವೆಲ್ಲ ಒಂದು ಶಾಸ್ತ್ರವಾಗಿ ಬೆಳೆದಿವೆ. ಮಾರ್ಫಿನ್ ದೊರೆಯುವುದಕ್ಕೆ ಅಡ್ಡವಾಗಿದ್ದ ಮಾದಕದ್ರವ್ಯ ಕಾನೂನನ್ನು 2014ರಲ್ಲಿಯೇ ಸಡಿಲಿಸಲಾಗಿದೆ. ಬೆಂಗಳೂರಿನ ಕರುಣಾಶ್ರಯವು ಕಡೆಗಾಲದ ಅರ್ಬುದರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಕೃತಕ ಉಸಿರನ್ನು ಬೇಡವೆಂದವನಿಗೂ ಈ ಆರೈಕೆಯೆಲ್ಲ ಸಲ್ಲತಕ್ಕದ್ದು. ಅದನ್ನು ಹಕ್ಕಿನಿಂದ ಕೇಳಿ ಪಡೆಯುವವರು ಹುಟ್ಟಿದರಲ್ಲವೇ ಅದು ತಾಲೂಕು ಆಸ್ಪತ್ರೆಗಳವರೆಗೆ ಬರುವುದು?

ಮಕ್ಕಳನ್ನು ಈ ದಾರಿಗೆ ನೂಕುವ ನಿಜವಾದ ಶಕ್ತಿ ಪ್ರೀತಿಯೊಂದೇ ಅಲ್ಲ. ಲೋಕಾಪವಾದದ ಭಯವೂ ಹೌದು. “ರೊಕ್ಕದ ಮಾರಿ ನೋಡಿ ಅವ್ವನ್ನ ಸಾಯಾಕ ಬಿಟ್ರು” ಎಂಬ ಮಾತು ಮಣ್ಣಿಗೆ ಬಂದವರ ಬಾಯಿಂದ ಬಿದ್ದೀತೆಂಬ ಅಂಜಿಕೆಯಲ್ಲಿ ತೋಟವು ಅಡಮಾನಕ್ಕೆ ಹೋಗುತ್ತದೆ, ಮೊಮ್ಮಗಳ ಓದು ನಿಲ್ಲುತ್ತದೆ. ತನ್ನ ನಿಮಿತ್ತವಾಗಿ ಹೀಗಾಯಿತೆಂದು ಮಂಚದ ಮೇಲಿನ ಆ ಜೀವಕ್ಕೆ ತಿಳಿದರೆ ಅದಕ್ಕಿಂತ ಘೋರವಾದ ಯಾತನೆಯು ಬೇರೊಂದಿರಲಾರದು. ತಾಯಿಯೇ ಬುದ್ಧಿ ನೆಟ್ಟಗಿರುವಾಗ, ನಾಲ್ವರ ಸಮಕ್ಷಮದಲ್ಲಿ ತನ್ನ ಇಚ್ಛೆಯನ್ನು ಬರೆಸಿಟ್ಟಿದ್ದರೆ ಊರವರ ಬಾಯಿಗೆ ಉತ್ತರವು ಆ ಕಾಗದದಲ್ಲಿಯೇ ಇರುತ್ತಿತ್ತು. ಮಕ್ಕಳೂ ಜನ್ಮವೆಲ್ಲ “ನಾವು ಮಾಡಿದ್ದು ಸರಿಯೋ ತಪ್ಪೋ” ಎಂಬ ಸಂಶಯದಲ್ಲಿ ಬೇಯುತ್ತಿರಲಿಲ್ಲ.

ಹೇಳದೆ ಉಳಿದ ಇಚ್ಛೆಯ ವಿಷಯದಲ್ಲಿ ಎರಡು ಪ್ರೀತಿಗಳು ಹೇಗೆ ಪರಸ್ಪರ ಎದುರಾಗಿ ನಿಲ್ಲುತ್ತವೆ ಎಂಬುದಕ್ಕೆ ನಮ್ಮದೇ ನಾಡಿನ ಒಬ್ಬ ಹೆಣ್ಣುಮಗಳ ಬಾಳು ಸಾಕ್ಷಿಯಾಗಿದೆ. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ 1973ರ ನವೆಂಬರಿನಲ್ಲಿ ಬರ್ಬರವಾದ ಅತ್ಯಾಚಾರಕ್ಕೆ ಗುರಿಯಾಗಿ, ಮಿದುಳು ಜಖಂಗೊಂಡು, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಸುಮಾರು ನಲವತ್ತೆರಡು ವರ್ಷ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರನ್ನು ಈ ಸ್ಥಿತಿಯಿಂದ ಬಿಡುಗಡೆ ಮಾಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿಯವರು ಸರ್ವೋಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿದರು. ತಾವು ಮಗುವಿನಂತೆ ಸಲಹುತ್ತಿರುವ ಆಕೆಯನ್ನು ಸಾಯಗೊಡಲಾರೆವೆಂದು ಆಸ್ಪತ್ರೆಯ ದಾದಿಯರು ವಿರೋಧಿಸಿದರು. 2011ರ ಮಾರ್ಚಿನಲ್ಲಿ ನ್ಯಾಯಾಲಯವು ಆ ಪ್ರಾರ್ಥನೆಯನ್ನು ತಿರಸ್ಕರಿಸಿತಾದರೂ, ಕಟ್ಟುನಿಟ್ಟಾದ ನಿಯಮಗಳಿಗೊಳಪಟ್ಟು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂಬ ತತ್ತ್ವವನ್ನು ಅಂಗೀಕರಿಸಿತು. ಎರಡೂ ಪಕ್ಷದವರ ಅಂತಃಕರಣವನ್ನು ನಾನು ಗೌರವಿಸುತ್ತೇನೆ. ಆ ಎಲ್ಲ ವಾದದಲ್ಲಿ ಇಲ್ಲದಿದ್ದುದು ಅರುಣಾ ಅವರ ಸ್ವಂತ ಮಾತೊಂದೇ. ಅವರಿಗೆ ಅದನ್ನು ಹೇಳಿಡುವ ವಯಸ್ಸೂ ಆಗಿರಲಿಲ್ಲ, ಅವಕಾಶವೂ ಇರಲಿಲ್ಲ. ಎರಡೂ ಇರುವ ನಮ್ಮ ಹಿರಿಯರನ್ನು ನಾವು ಮಾತನಾಡಗೊಡುತ್ತಿಲ್ಲ.

“ಇಂಥ ಪತ್ರಗಳು ಬಂದರೆ ಆಸ್ತಿಯ ಆಸೆಯ ಮಕ್ಕಳು ಮುದುಕರನ್ನು ಬೇಗನೆ ಸಾಗಹಾಕಿಯಾರು” ಎಂಬ ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಹೊಲದ ಬದುವಿಗಾಗಿ ಕೊಡಲಿಯೆತ್ತಿದ ಪ್ರಕರಣಗಳನ್ನು ಬಲ್ಲ ಜಿಲ್ಲೆ ನಮ್ಮದು. ಆದರೆ ಕಾನೂನು ಈ ಭಯವನ್ನು ಅರಿತೇ ರೂಪುಗೊಂಡಿದೆ. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 2018ರ ಮಾರ್ಚ್ 9ರಂದು ಘನತೆಯಿಂದ ಮರಣಹೊಂದುವ ಹಕ್ಕನ್ನು ಎತ್ತಿಹಿಡಿದು, ಸ್ವಸ್ಥಚಿತ್ತನಾದ ಯಾವ ವಯಸ್ಕನಾದರೂ ತನ್ನ ಕಡೆಗಾಲದ ಚಿಕಿತ್ಸೆಯನ್ನು ಕುರಿತು ಮುಂಗಡ ನಿರ್ದೇಶವನ್ನು ಬರೆದಿಡಬಹುದೆಂದು ತೀರ್ಪಿತ್ತಿತು. ಅಂದು ದಂಡಾಧಿಕಾರಿಯ ಪ್ರತಿಸಹಿ ಬೇಕಾಗಿದ್ದುದರಿಂದ ಸಾಮಾನ್ಯರಿಗೆ ಎಟುಕದಂತಿದ್ದ ವಿಧಾನವನ್ನು, ಸಿದ್ಧೇಶ್ವರ ಸ್ವಾಮಿಗಳು ದೇಹವಿಟ್ಟ ಅದೇ 2023ರ ಜನವರಿಯ 24ರಂದು ನ್ಯಾಯಾಲಯವು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ, ನೋಟರಿಯ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ, ತನ್ನ ಪರವಾಗಿ ನಿಲ್ಲತಕ್ಕ ಹತ್ತಿರದವರ ಹೆಸರು. ಬರೆದವನು ಅದನ್ನು ಯಾವಾಗ ಬೇಕಾದರೂ ಲಿಖಿತವಾಗಿ ಹಿಂತೆಗೆಯಬಹುದು, ಬದಲಿಸಬಹುದು. ಅದು ಜಾರಿಗೆ ಬರುವುದು ಗುಣವಾಗುವ ಆಶೆಯಿಲ್ಲದ ವ್ಯಾಧಿಯಲ್ಲಿ, ರೋಗಿಗೆ ಸ್ವತಃ ನಿರ್ಣಯಿಸುವ ಶಕ್ತಿಯು ಹೋದ ಮೇಲೆ ಮಾತ್ರ. ಆಗಲೂ ಚಿಕಿತ್ಸೆ ನೀಡುವ ವೈದ್ಯನೂ ಇಬ್ಬರು ತಜ್ಞರೂ ಕೂಡಿದ ಒಂದು ಮಂಡಳಿ, ಅದರಲ್ಲಿಲ್ಲದ ಬೇರೆ ತಜ್ಞರ ಎರಡನೆಯ ಮಂಡಳಿ ಒಪ್ಪಬೇಕು, ದಂಡಾಧಿಕಾರಿಗೆ ತಿಳಿಸಬೇಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯು ಈ ವ್ಯವಸ್ಥೆಯನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೊಳಿಸಲು ಸುತ್ತೋಲೆಯನ್ನು ಹೊರಡಿಸಿತು. ಇಷ್ಟು ಬಾಗಿಲುಗಳನ್ನು ದಾಟಿ ಬರಬೇಕಾದ ದುರಾಶೆಯ ಮಗನಿಗೆ, ಬರವಣಿಗೆಯೇ ಇಲ್ಲದ ಇಂದಿನ ಸ್ಥಿತಿಯಲ್ಲಿ ಒಂದೇ ಸಹಿಯಿಂದ ತಂದೆಯನ್ನು ಆಸ್ಪತ್ರೆಯಿಂದ ಹೊತ್ತೊಯ್ಯುವ ಸೌಕರ್ಯವಿದೆ. ಯಾವುದು ಅಪಾಯಕರವೆಂಬುದನ್ನು ಆಕ್ಷೇಪಿಸುವವರೇ ಹೇಳಲಿ.

ಸರ್ಕಾರದ ಹೊಣೆಯೂ ಉಳಿದಿದೆ. ಪತ್ರದ ಪ್ರತಿಯನ್ನು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಯ ಬಳಿ ಇರಿಸಬೇಕೆಂದು ನ್ಯಾಯಾಲಯವು ಹೇಳಿರುವಾಗ, ಆ ಅಧಿಕಾರಿ ಯಾರೆಂಬುದನ್ನು ತಿಕೋಟಾದ, ಬಬಲೇಶ್ವರದ ಕಚೇರಿಗಳ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಬೇಕು.

ಒಂದು ವಿಷಯವನ್ನು ಪ್ರತ್ಯೇಕವಾಗಿ ಹೇಳದೆ ಇರಲಾರೆ. ತಂದೆಯ ಮಾತನ್ನು ನಾವು ತಡೆಯುತ್ತೇವೆ; ತಾಯಿಯ ಮನಸ್ಸಿನಲ್ಲಿ ಅಂಥದೊಂದು ಮಾತಿದೆಯೆಂಬುದನ್ನೇ ಮರೆಯುತ್ತೇವೆ. ಆಕೆಯ ವಿಷಯದಲ್ಲಿ ನಿರ್ಣಯಿಸುವವರು ಗಂಡ, ಗಂಡನ ತರುವಾಯ ಗಂಡುಮಕ್ಕಳು. ಘನತೆಯ ಮರಣದ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಧಿಕಾರಸ್ಥರ ಬಾಗಿಲು ತಟ್ಟಿದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರೆಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ನಮ್ಮ ಹಳ್ಳಿಗಳ ಆಯಿಯರು ಪತ್ರ ಬರೆಯಲಾರರು, ನೋಟರಿಯ ಬಳಿಗೆ ಒಬ್ಬರೇ ಹೋಗಲಾರರು. ಅವರನ್ನು ಮೊದಲು ಕೇಳಬೇಕು, ಮತ್ತು ಗಂಡುಮಕ್ಕಳಿಲ್ಲದ ಹೊತ್ತಿನಲ್ಲಿ, ಹೆಣ್ಣುಮಕ್ಕಳೇ ಕೇಳಬೇಕು.

“ಈಗೇನು ಅವಸರ, ಕಾಲ ಬಂದಾಗ ನೋಡೋಣ” ಎನ್ನುವವರಿಗೆ ಉತ್ತರವು ಕಾನೂನಿನಲ್ಲಿಯೇ ಇದೆ. ಸ್ವಸ್ಥಚಿತ್ತದಲ್ಲಿದ್ದು ಬರೆದುದಕ್ಕೆ ಮಾತ್ರ ಬೆಲೆ. ಮರೆವಿನ ರೋಗವು ಹೆಸರುಗಳನ್ನು ಅಳಿಸತೊಡಗಿದ ಮೇಲೆ, ಪಾರ್ಶ್ವವಾಯು ನಾಲಿಗೆಯನ್ನು ಹಿಡಿದ ಮೇಲೆ, ಕಾಲವು ಬಂದಿರುತ್ತದೆ, ಅಧಿಕಾರವು ಹೋಗಿರುತ್ತದೆ. ಕೇಳತಕ್ಕ ಪ್ರಶ್ನೆಗಳೂ ಬಹಳವಿಲ್ಲ: ಗುಣವಾಗದೆಂದು ತಿಳಿದ ಮೇಲೆ ಎಲ್ಲಿರಲು ಬಯಸುತ್ತೀ, ಉಸಿರಿಗೆ ಯಂತ್ರ ಬೇಕೋ ಬೇಡವೋ, ನಿನಗೆ ಮಾತು ಹೋದರೆ ನಮ್ಮಲ್ಲಿ ಯಾರು ನಿನ್ನ ಪರವಾಗಿ ಹೇಳಬೇಕು, ಹತ್ತಿರ ಯಾರಿರಬೇಕು. ಈ ದೀಪಾವಳಿಗೆ ಪುಣೆ, ಬೆಂಗಳೂರುಗಳಿಂದ ಊರಿಗೆ ಬರುವ ಮಕ್ಕಳು, ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಕೂಡಿರುವಾಗಲೇ ಇವುಗಳನ್ನು ಕೇಳಲಿ. ಉತ್ತರವು ತಮಗೆ ಎಷ್ಟೇ ಅಪ್ರಿಯವಾದರೂ ಪೂರ್ತಿ ಕೇಳಿ, ಹೇಳಿದಂತೆಯೇ ಬರೆದುಕೊಂಡು, ಹಬ್ಬದ ರಜೆ ಮುಗಿಯುವುದರೊಳಗೆ ಇಬ್ಬರು ಸಾಕ್ಷಿಗಳೊಡನೆ ನೋಟರಿಯ ಬಳಿಗೆ ಅವರನ್ನು ಕರೆದೊಯ್ಯಲಿ.